ಹಳೇ ಎರಕದ ಕಬ್ಬಿಣದ ಟೇಬಲ್ ಸಾ: ಕೊಳ್ಳುವುದರಿಂದ ಮೊದಲ ಹಲಗೆ ಸೀಳುವವರೆಗೆ

ಹಳೇ ಮಷೀನು ಸರಿ ಮಾಡಿಸಿಕೊಳ್ಳುವವರಿಗೆ ದಾವಣಗೆರೆ ಹೇಳಿ ಮಾಡಿಸಿದ ಊರು. ಹತ್ತಿ ಗಿರಣಿಗಳು ಜೋರಾಗಿ ಓಡುತ್ತಿದ್ದ ಕಾಲದಲ್ಲಿ ಬೇರು ಬಿಟ್ಟ ಮೋಟಾರ್ ವೈಂಡಿಂಗ್, ಬೆಲ್ಟು, ಬೇರಿಂಗ್ ವ್ಯಾಪಾರ ಗಿರಣಿಗಳು ನಿಂತ ಮೇಲೂ ಉಳಿದಿದೆ. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಟ್ಟಲೆ ಲೇತ್ ಮಾಡಿತು. ಅದು ಬಾಗಿಲು ಹಾಕಿ ವರ್ಷಗಳಾದವು. ಆದರೆ ನೂರರಲ್ಲಿ ಒಂದು ಮಿಲಿಮೀಟರ್ ಅಂದರೆ ಎಷ್ಟು ಅಂತ ಬೆರಳಿಗೆ ಗೊತ್ತಿರುವ ಜನ ಈ ಸೀಮೆಯ ಲೇತ್ ಅಂಗಡಿಗಳಲ್ಲಿ ಇನ್ನೂ ಸಿಗುತ್ತಾರೆ. ಹಳೇ ಟೇಬಲ್ ಸಾ, ಅಂದರೆ ಟೇಬಲ್ಲಿನ ಸೀಳಿನಿಂದ ಮೇಲೆ ಬರುವ ದುಂಡು ಬ್ಲೇಡಿನಲ್ಲಿ ಹಲಗೆ ಸೀಳುವ ಮಷೀನು, ಸರಿ ಮಾಡಲು ಒಬ್ಬ ವೈಂಡಿಂಗ್‌ನವರು ಬೇಕು, ಒಬ್ಬ ಲೇತ್‌ನವರು ಬೇಕು. ಉಳಿದದ್ದನ್ನು ನೀವೇ ಮಾಡಿಕೊಳ್ಳಬಹುದು.

ನಾನು ಹೇಳುತ್ತಿರುವುದು ಹಗುರವಾದ ಅಲ್ಯುಮಿನಿಯಂ ಮಷೀನುಗಳ ಬಗ್ಗೆ ಅಲ್ಲ. ಹಳೇ ಟಿಂಬರ್ ಡಿಪೋ, ಮುಚ್ಚಿದ ಫರ್ನಿಚರ್ ಅಂಗಡಿಗಳ ಹಿಂದೆ ಬಿದ್ದಿರುತ್ತವಲ್ಲ, ಬೀಡಿನ (ಎರಕದ ಕಬ್ಬಿಣದ) ಟೇಬಲ್ಲು, ಕೆಳಗೆ ದಪ್ಪ ಸ್ಟ್ಯಾಂಡು, ಬೆಲ್ಟಿನಲ್ಲಿ ಓಡುವ ಶಾಫ್ಟು, 10 ಅಥವಾ 12 ಇಂಚಿನ ಬ್ಲೇಡು, ಅಂಥವು. ಇಬ್ಬರು ಸೇರಿದರೂ ಎತ್ತಲು ಆಗುವುದಿಲ್ಲ. ಆ ಭಾರವೇ ಅದರ ಗುಣ. ಓಡುವಾಗ ನಡುಗುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇವನ್ನು ಮಾಡಿದ ಕಾಲದಲ್ಲಿ ಬ್ಲೇಡಿಗೆ ಗಾರ್ಡ್ ಇರುತ್ತಿರಲಿಲ್ಲ, ಹಿಂದೆ ಸೀಳಿದ ಮರವನ್ನು ಅಗಲಿಸಿ ಹಿಡಿಯುವ ಸ್ಪ್ಲಿಟರ್ ತಗಡು ಇರುತ್ತಿರಲಿಲ್ಲ, ಸ್ವಿಚ್ ಅಂದರೆ ಗೋಡೆ ಮೇಲಿನ ಮೇನ್ ಸ್ವಿಚ್ಚೇ. ಅದನ್ನು ಹಾಗೇ ಮೂಲ ರೂಪಕ್ಕೆ ತರುವುದು ಬುದ್ಧಿವಂತಿಕೆ ಅಲ್ಲ. ಬಣ್ಣ, ಪಾಲಿಶಿಗೆ ಹಾಕುವ ದುಡ್ಡನ್ನು ಶಾಫ್ಟಿಗೆ, ಸ್ಟಾರ್ಟರಿಗೆ, ಸ್ಪ್ಲಿಟರಿಗೆ ಹಾಕಿ. ಮುಂದೆ ಬರೆದಿರುವುದೆಲ್ಲ ಇದೇ ಲೆಕ್ಕದಲ್ಲಿ.

ಕೊಳ್ಳುವ ಮೊದಲು

ಗುಜರಿಯಲ್ಲಿ ಸಿಕ್ಕ ಮಷೀನಿನಲ್ಲಿ ಎರಡಕ್ಕೆ ಮಾತ್ರ ಬೆಲೆ ಕಟ್ಟಿ. ಒಂದು ಟೇಬಲ್ಲು. ಇನ್ನೊಂದು ಶಾಫ್ಟನ್ನು ಹಿಡಿದಿರುವ ಎರಕದ ಭಾಗ. ಮೋಟಾರು, ಪುಲ್ಲಿ, ಬೆಲ್ಟು, ಬೇರಿಂಗ್, ಹಲಗೆ ಒರಗಿಸಿ ತಳ್ಳುವ ಗೈಡ್ ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ. ಶಾಫ್ಟನ್ನೂ ಹೊಸದಾಗಿ ಕಡೆಸಬಹುದು. ಎರಕ ಒಡೆದಿದ್ದರೆ ಮಾತ್ರ ಬೇರೆ ದಾರಿ ಇಲ್ಲ.

ತುಕ್ಕು ನೋಡಿ ಹೆದರಬೇಡಿ. ಮೇಲೆ ಕೆಂಪಗೆ ಕೂತಿರುವ ತುಕ್ಕು ಉಜ್ಜಿದರೆ ಹೋಗುತ್ತದೆ. ಬೆರಳ ಉಗುರು ಸಿಕ್ಕಿಕೊಳ್ಳುವಷ್ಟು ಗುಳಿ ಬಿದ್ದಿದ್ದರೂ ಮರ ಅದರ ಮೇಲೆ ಜಾರುತ್ತದೆ, ನೋಡಲು ಚೆನ್ನಾಗಿರುವುದಿಲ್ಲ ಅಷ್ಟೇ. ಹೆದರಬೇಕಾದ್ದು ಬಿರುಕಿಗೆ. ಬಿರುಕು ಕಣ್ಣಿಗೆ ಕಾಣುವುದು ಕಡಿಮೆ, ಜಿಡ್ಡು ಮತ್ತು ಹೊಟ್ಟು ಅದನ್ನು ಮುಚ್ಚಿರುತ್ತದೆ.

ಅದಕ್ಕೆ ಹಳೇ ಗ್ಯಾರೇಜಿನವರ ಒಂದು ಪರೀಕ್ಷೆ ಇದೆ. ಅನುಮಾನ ಬಂದ ಜಾಗವನ್ನು ತಂತಿ ಬ್ರಷ್‌ನಿಂದ ಉಜ್ಜಿ, ಸೀಮೆಎಣ್ಣೆ ಹಚ್ಚಿ. ಸೀಮೆಎಣ್ಣೆ ಈಗ ಸಿಗುವುದು ಕಷ್ಟ, ಡೀಸೆಲ್ ಆದರೂ ನಡೆಯುತ್ತದೆ. ಹತ್ತು ನಿಮಿಷ ಬಿಟ್ಟು ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಆಮೇಲೆ ಶಾಲೆಯ ಬಿಳಿ ಸೀಮೆಸುಣ್ಣ ತೆಗೆದುಕೊಂಡು ಆ ಜಾಗದ ಮೇಲೆಲ್ಲ ಬಳಿಯಿರಿ. ಎರಕ ಗಟ್ಟಿಯಾಗಿದ್ದರೆ ಸುಣ್ಣ ಬೆಳ್ಳಗೇ ಇರುತ್ತದೆ. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ನಿಧಾನವಾಗಿ ಹೊರಗೆ ಬಂದು, ಬಿಳಿಯ ಮೇಲೆ ಪೆನ್ಸಿಲ್ ಗೀಟು ಎಳೆದ ಹಾಗೆ ಕಪ್ಪು ಗೆರೆ ಮೂಡುತ್ತದೆ. ಶಾಫ್ಟ್ ಕೂರುವ ಬ್ರಾಕೆಟ್ಟಿಗೆ, ಟೇಬಲ್ಲಿನ ಬೋಲ್ಟ್ ತೂತುಗಳ ಸುತ್ತ, ಬ್ಲೇಡ್ ಸೀಳಿನ ಎರಡೂ ತುದಿಗೆ ಈ ಪರೀಕ್ಷೆ ಮಾಡದೆ ಮುಂಗಡ ಕೊಡಬೇಡಿ. ಸ್ಟ್ಯಾಂಡಿನ ಕಾಲಿನಲ್ಲಿ ಬಿರುಕಿದ್ದರೆ ಪರವಾಗಿಲ್ಲ, ವೆಲ್ಡಿಂಗ್ ಮಾಡಿಸಬಹುದು. ಶಾಫ್ಟಿನ ಬ್ರಾಕೆಟ್ಟಿನಲ್ಲಿ ಇದ್ದರೆ ಮಷೀನನ್ನು ಅಲ್ಲೇ ಬಿಟ್ಟು ಬನ್ನಿ. ಬೀಡಿನ ವೆಲ್ಡಿಂಗ್‌ಗೆ ನಿಕಲ್ ರಾಡ್ ಬೇಕು, ಮೊದಲೇ ಕಾಯಿಸಬೇಕು, ನಿಧಾನವಾಗಿ ಆರಿಸಬೇಕು. ಇಷ್ಟೆಲ್ಲ ಮಾಡಿದರೂ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವ ಬ್ಲೇಡಿನ ಕೆಳಗೆ ಅದನ್ನು ನಂಬುವುದು ಬೇಡ.

ಟೇಬಲ್ಲಿನ ಮಟ್ಟ ನೋಡಲು ನೇರವಾದ ಸ್ಟೀಲ್ ಪಟ್ಟಿ ಒಂದನ್ನು ಒಯ್ಯಿರಿ. ಮೂಲೆಯಿಂದ ಮೂಲೆಗೆ ಅಡ್ಡಡ್ಡ ಇಟ್ಟು ಕೆಳಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ತೂರಿಸಿ. 0.3 ಮಿಲಿಮೀಟರ್ ಒಳಗಿನ ತಗ್ಗು ಮನೆ ಕೆಲಸಕ್ಕೆ ಏನೂ ಮಾಡುವುದಿಲ್ಲ. ಜಾಸ್ತಿ ಇದ್ದರೆ ಸರ್ಫೇಸ್ ಗ್ರೈಂಡಿಂಗ್ ಮಾಡಿಸಬೇಕು, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ. ಕೊನೆಗೆ ಶಾಫ್ಟನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಲಟಲಟ ಅಂದರೆ ಬೇರಿಂಗ್ ಹೋಗಿದೆ ಅಂತ. ಅದೇನು ದೊಡ್ಡದಲ್ಲ, ಹೇಗೂ ಬದಲಿಸುವುದೇ.

ಬಿಚ್ಚುವುದು

ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಹಳೇ ಮಷೀನಿನಲ್ಲಿ ಟೇಬಲ್ಲಿನ ಕೆಳಗೆ ತೆಳು ತಗಡಿನ ಚೂರುಗಳು ಸಿಗುತ್ತವೆ. ಕಸ ಅಂತ ಎಸೆಯಬೇಡಿ. ಯಾರೋ ಒಬ್ಬ ಫಿಟ್ಟರ್ ಮಟ್ಟ ಸರಿ ಮಾಡಲು ಇಟ್ಟ ಪ್ಯಾಕಿಂಗ್ ಅದು. ಯಾವ ಬೋಲ್ಟಿನ ಕೆಳಗೆ ಎಷ್ಟಿತ್ತು ಅಂತ ಬರೆದಿಡಿ.

ಕಚ್ಚಿಕೊಂಡ ನಟ್ಟಿಗೆ ಸುತ್ತಿಗೆಯಲ್ಲಿ ಹೊಡೆಯುವ ಮೊದಲು ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ರಾತ್ರಿಯೆಲ್ಲ ಇಡಿ. ಬೀಡು ಪೆಟ್ಟು ತಡೆಯುವುದಿಲ್ಲ, ಬಗ್ಗುವುದೂ ಇಲ್ಲ, ಟಣ್ ಅಂತ ಒಡೆಯುತ್ತದೆ. ಆಗಲೂ ನಟ್ಟು ಸಡಿಲಾಗದಿದ್ದರೆ ಅದನ್ನು ಗ್ಯಾಸಿನಲ್ಲಿ ಕಾಯಿಸಿ ತಿರುಗಿಸಿ, ಆದರೆ ಮೊದಲು ಎಣ್ಣೆ, ಹೊಟ್ಟು ಪೂರ್ತಿ ಒರೆಸಿರಬೇಕು.

ಬ್ಲೇಡಿನ ನಟ್ಟಿನ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಅದು ಎಡಗಡೆ ಥ್ರೆಡ್ ಇರಬಹುದು, ಬಲಗಡೆ ಥ್ರೆಡ್ ಇರಬಹುದು. ನೆನಪಿಡಲು ಒಂದೇ ನಿಯಮ: ಬ್ಲೇಡು ಯಾವ ದಿಕ್ಕಿಗೆ ತಿರುಗುತ್ತದೋ ನಟ್ಟನ್ನು ಅದೇ ದಿಕ್ಕಿಗೆ ತಿರುಗಿಸಿದರೆ ಸಡಿಲಾಗುತ್ತದೆ. ಬ್ಲೇಡಿನ ಮುಂದಿನ ಹಲ್ಲು ನಿಮ್ಮ ಕಡೆಗೆ, ಕೆಳಮುಖವಾಗಿ ಬರುವ ದಿಕ್ಕು ಅದು. ಬಿಚ್ಚುವಾಗ ಹಲ್ಲಿಗೆ ಮರದ ತುಂಡು ಅಡ್ಡ ಕೊಡಿ, ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ.

ತುಕ್ಕು ಮತ್ತು ಹಳೇ ಬಣ್ಣ

ಟೇಬಲ್ಲಿಗೆ ಮೊದಲು ಹಳೇ ಬ್ಲೇಡು ಅಥವಾ ಪುಟ್ಟಿ ಪಟ್ಟಿಯಿಂದ ದಪ್ಪ ತುಕ್ಕು ಕೆರೆಯಿರಿ. ಆಮೇಲೆ ಡೀಸೆಲ್ ಹಚ್ಚಿ, ಮರದ ತುಂಡಿಗೆ ಎಮರಿ ಪೇಪರ್ ಸುತ್ತಿ ಉಜ್ಜಿ. 120ರಿಂದ ಶುರು ಮಾಡಿ, 220, ಕೊನೆಗೆ 400. ಕೈಯಲ್ಲಿ ಬರೀ ಪೇಪರ್ ಹಿಡಿದು ಉಜ್ಜಿದರೆ ಬೆರಳು ಒತ್ತಿದ ಕಡೆ ತಗ್ಗಾಗುತ್ತದೆ, ಅದಕ್ಕೇ ಮರದ ತುಂಡು. ಆಂಗಲ್ ಗ್ರೈಂಡರ್ ಹಿಡಿದುಕೊಂಡು ಬರುವವರನ್ನು ಟೇಬಲ್ಲಿನ ಹತ್ತಿರ ಸೇರಿಸಬೇಡಿ. ಹೊಳಪು ಬರುತ್ತದೆ, ಮಟ್ಟ ಹೋಗುತ್ತದೆ.

ಸಂದಿಗೊಂದಿ ಇರುವ ಸಣ್ಣ ಕಬ್ಬಿಣದ ಭಾಗಗಳಿಗೆ ಎಲೆಕ್ಟ್ರಾಲಿಸಿಸ್ ಒಳ್ಳೆಯದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚದಷ್ಟು ವಾಷಿಂಗ್ ಸೋಡಾ. 12 ವೋಲ್ಟಿನ ಬ್ಯಾಟರಿ ಚಾರ್ಜರಿನ ನೆಗೆಟಿವ್ ವೈರು ತುಕ್ಕು ಹಿಡಿದ ಭಾಗಕ್ಕೆ, ಪಾಸಿಟಿವ್ ಬೇಡದ ಒಂದು ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಆ ತುಂಡಿಗೆ ಸ್ಟೇನ್‌ಲೆಸ್ ಸ್ಟೀಲ್ ಯಾವತ್ತೂ ಹಾಕಬೇಡಿ, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಗುಳ್ಳೆಗಳಲ್ಲಿ ಹೈಡ್ರೋಜನ್ ಇರುವುದರಿಂದ ಬಯಲಲ್ಲೇ ಮಾಡಿ, ಹತ್ತಿರ ಬೀಡಿ-ಬೆಂಕಿ ಬೇಡ. ಅಲ್ಯುಮಿನಿಯಂ ಭಾಗಗಳನ್ನು ಇದರಲ್ಲಿ ಮುಳುಗಿಸಬೇಡಿ, ತಿಂದುಹೋಗುತ್ತವೆ. ತೆಗೆದ ಕೂಡಲೇ ತೊಳೆದು, ಬಿಸಿಲಲ್ಲಿ ಒಣಗಿಸಿ, ಎಣ್ಣೆ ಒರೆಸಿ. ಒಂದು ಗಂಟೆ ಹಾಗೇ ಬಿಟ್ಟರೂ ಸಾಕು, ಮತ್ತೆ ಕೆಂಪಗಾಗುತ್ತದೆ.

ಹಳೇ ಬಣ್ಣವನ್ನು ಒಣಗಿದ್ದ ಹಾಗೇ ಉಜ್ಜಬೇಡಿ. ನಮ್ಮಲ್ಲಿ ಮನೆ ಬಣ್ಣಗಳಿಗೇ ಸೀಸದ ಮಿತಿ 90 ಪಿಪಿಎಂ ಅಂತ ಕಡ್ಡಾಯವಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಮಷೀನಿನ ಬಣ್ಣದಲ್ಲಿ ಸೀಸ ಇದೆ ಅಂತಲೇ ಲೆಕ್ಕ ಹಿಡಿಯಿರಿ. ಪೇಂಟ್ ರಿಮೂವರ್ ಹಚ್ಚಿ ಒದ್ದೆಯಾಗಿಯೇ ಕೆರೆಯಿರಿ, ಮಕ್ಕಳನ್ನು ದೂರ ಇಡಿ. ಹೊಸದಾಗಿ ರೆಡ್ ಆಕ್ಸೈಡ್ ಒಂದು ಕೈ, ಎನಾಮೆಲ್ ಎರಡು ಕೈ. ಬಣ್ಣದ ಬಗ್ಗೆ ಇಷ್ಟು ಸಾಕು.

ಶಾಫ್ಟು, ಬೇರಿಂಗ್

ಮಷೀನಿನ ಜೀವ ಇಲ್ಲಿದೆ. ಶಾಫ್ಟು ಸರಿಯಿಲ್ಲದಿದ್ದರೆ ಎಷ್ಟೇ ಒಳ್ಳೆಯ ಬ್ಲೇಡು ಹಾಕಿದರೂ ಕಟ್ಟು ಒರಟಾಗಿ ಬರುತ್ತದೆ.

ಬಿಚ್ಚಿದ ಶಾಫ್ಟನ್ನು ಲೇತ್‌ನವರ ಹತ್ತಿರ ಒಯ್ದು ಸೆಂಟರಿನಲ್ಲಿ ಕಟ್ಟಿ, ವಾಲಿದ್ದನ್ನು ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಹಿಡಿಯಲು ಹೇಳಿ. ಸುಮ್ನೆ "ನೋಡಿ ಅಣ್ಣ, ನೆಟ್ಟಗಿದೆಯಾ" ಅಂದರೆ ಕಣ್ಣಲ್ಲೇ ನೋಡಿ "ಏನಾಗಿಲ್ಲ ಒಯ್ರಿ" ಅಂತಾರೆ. ಎಲ್ಲಿ ಎಷ್ಟು ಬೇಕು ಅಂತ ಹೇಳಿ. ಬೇರಿಂಗ್ ಕೂರುವ ಕಡೆ, ಬ್ಲೇಡ್ ಕೂರುವ ಕಡೆ, ಜೊತೆಗೆ ಬ್ಲೇಡಿಗೆ ಒರಗುವ ಫ್ಲ್ಯಾಂಜಿನ ಮುಖದ ಮೇಲೆ ಮುಳ್ಳು 0.03 ಮಿಲಿಮೀಟರಿಗಿಂತ ಜಾಸ್ತಿ ಆಡಬಾರದು. ಫ್ಲ್ಯಾಂಜಿನ ಮುಖ ಮುಖ್ಯ. ಅಲ್ಲಿ ಕೂದಲಷ್ಟು ವಾಲಿದರೆ ಬ್ಲೇಡಿನ ತುದಿಯಲ್ಲಿ ಅದು ನಾಲ್ಕೈದು ಪಟ್ಟು ಆಗುತ್ತದೆ. ಫ್ಲ್ಯಾಂಜ್ ಮಾತ್ರ ಕೆಟ್ಟಿದ್ದರೆ ಶಾಫ್ಟಿನ ಮೇಲೇ ಕೂರಿಸಿ ಒಂದು ಕಟ್ ಹೊಡೆಸಿ. ಶಾಫ್ಟೇ ಬಗ್ಗಿದ್ದರೆ ಬಡಿದು ನೆಟ್ಟಗೆ ಮಾಡಿಸಬೇಡಿ, ಇಎನ್ 8 ದರ್ಜೆಯ ಸ್ಟೀಲಿನಲ್ಲಿ ಹೊಸದು ಕಡೆಸಿ.

ಹೊಸದು ಕಡೆಸುವುದಾದರೆ ಬ್ಲೇಡ್ ಕೂರುವ ಅಳತೆಯನ್ನು ಮೊದಲೇ ಯೋಚಿಸಿ. ಅಂಗಡಿಯಲ್ಲಿ ಸಿಗುವ 10 ಇಂಚಿನ ಬ್ಲೇಡುಗಳ ತೂತು ಸಾಮಾನ್ಯವಾಗಿ 25.4 ಅಥವಾ 30 ಮಿಲಿಮೀಟರ್. ಶಾಫ್ಟನ್ನು ಸುತ್ತುಲೆಕ್ಕಕ್ಕೆ 25ಕ್ಕೆ ಕಡೆದುಬಿಟ್ಟರೆ 0.4 ಮಿಲಿಮೀಟರ್ ಸಡಿಲ ಉಳಿಯಿತು. ಬ್ಲೇಡು ಒಂದು ಪಕ್ಕಕ್ಕೆ ಕೂತು ತಿರುಗುತ್ತದೆ, ಮಷೀನು ನಡುಗುತ್ತದೆ, ಕಾರಣ ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಬ್ಲೇಡನ್ನು ಮೊದಲು ಕೊಂಡು, ಅದನ್ನೇ ಕೈಯಲ್ಲಿ ಹಿಡಿದುಕೊಂಡು ಲೇತ್‌ಗೆ ಹೋಗುವುದು ಒಳ್ಳೆಯದು.

ಬೇರಿಂಗ್ ನಂಬರ್ ಅದರ ಬಳೆಯ ಮೇಲೇ ಇರುತ್ತದೆ. 6204 ಅಂದರೆ ಒಳತೂತು 20, ಹೊರಗೆ 47, ದಪ್ಪ 14 ಮಿಲಿಮೀಟರ್. 6205 ಅಂದರೆ 25, 52, 15. ಸ್ಟ್ಯಾಂಡಿನ ಮೇಲೆ ಪ್ಲಮ್ಮರ್ ಬ್ಲಾಕ್ (ಬೋಲ್ಟ್ ಹಾಕಿ ಕೂರಿಸುವ ಬೇರಿಂಗ್ ಮನೆ) ಇರುವ ಮಷೀನಾದರೆ ಯುಸಿಪಿ 205 (25 ಮಿಮೀ ಶಾಫ್ಟಿಗೆ) ಅಥವಾ ಯುಸಿಪಿ 206 (30 ಮಿಮೀಗೆ) ಇರುತ್ತದೆ. ಬಾಲ್ ಬೇರಿಂಗ್ ತರುವಾಗ ಎರಡೂ ಕಡೆ ರಬ್ಬರ್ ಸೀಲ್ ಇರುವ 2ಆರ್‌ಎಸ್ ಕೇಳಿ. ತಗಡಿನ ಮುಚ್ಚಳದ್ದು ತಂದರೆ ಸಾಗುವಾನಿ ಹೊಟ್ಟು ಒಳಗೆ ಹೋಗಿ ಗ್ರೀಸಿನ ಜೊತೆ ಅಂಟಾಗುತ್ತದೆ. ಮಾರುಕಟ್ಟೆಯಲ್ಲಿ ನಕಲಿ ಬೇರಿಂಗ್ ಬೇಕಾದಷ್ಟಿವೆ. ಅಧಿಕೃತ ಡೀಲರ್ ಹತ್ತಿರವೇ ಬಿಲ್ ಹಾಕಿಸಿ ತನ್ನಿ.

ಕೂರಿಸುವಾಗ ಒತ್ತಡ ಯಾವ ಬಳೆ ಬಿಗಿಯಾಗಿ ಕೂರುತ್ತದೋ ಅದರ ಮೇಲೆ ಬೀಳಬೇಕು. ಶಾಫ್ಟಿಗೆ ಏರಿಸುವಾಗ ಒಳಬಳೆ, ಎರಕದ ಮನೆಗೆ ಇಳಿಸುವಾಗ ಹೊರಬಳೆ. ಸರಿಯಾದ ಅಳತೆಯ ಪೈಪಿನ ತುಂಡು ಇಟ್ಟು ಮೆಲ್ಲಗೆ ತಟ್ಟಿ. ಹೊರಬಳೆಗೆ ಹೊಡೆದು ಶಾಫ್ಟಿಗೆ ಏರಿಸಿದರೆ ಗುಂಡುಗಳ ಗುರುತು ಬಳೆಯಲ್ಲಿ ಅಚ್ಚಾಗಿ, ಹೊಸ ಬೇರಿಂಗೇ ಮೊದಲ ದಿನದಿಂದ ಗರಗರ ಅನ್ನುತ್ತದೆ.

ಮೋಟಾರು, ವೇಗ, ಕರೆಂಟು

ಮನೆ ಕೆಲಸಕ್ಕೆ 10 ಇಂಚಿನ ಬ್ಲೇಡಿಗೆ ಒಂದೂವರೆಯಿಂದ ಎರಡು ಎಚ್‌ಪಿ ಸಾಕು. ಹಳೇ ಮೋಟಾರು ಬಂದಿದ್ದರೆ ಗುಜರಿಗೆ ಹಾಕುವ ಮೊದಲು ವೈಂಡಿಂಗ್‌ನವರಿಗೆ ತೋರಿಸಿ. ಸಿಂಗಲ್ ಫೇಸ್ ಮೋಟಾರು ಹೂಂ ಅಂತ ಸದ್ದು ಮಾಡಿ ತಿರುಗದೆ ನಿಂತರೆ ಎಷ್ಟೋ ಸಲ ವೈಂಡಿಂಗ್ ಚೆನ್ನಾಗೇ ಇರುತ್ತದೆ. "ಯಾರ್ ಹೇಳಿದ್ರೀ ಸುಟ್ಟೈತಿ ಅಂತ? ಕೆಪಾಸಿಟರ್ ಹೋಗೈತಿ ಅಷ್ಟ" ಅನ್ನುವ ಮಾತು ಆ ಅಂಗಡಿಗಳಲ್ಲಿ ದಿನಾ ಕೇಳುತ್ತದೆ. ಕಾರಣ ಕೆಪಾಸಿಟರ್ ಅಲ್ಲದಿದ್ದರೆ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ಚಿಗೆ ಹೊಟ್ಟು ಕೂತಿರುತ್ತದೆ. ಕೆಪಾಸಿಟರ್ ಮುಟ್ಟುವ ಮೊದಲು ಡಿಸ್ಚಾರ್ಜ್ ಮಾಡಿಸಿ, ಕರೆಂಟ್ ತೆಗೆದ ಮೇಲೂ ಅದು ಹೊಡೆಯುತ್ತದೆ. 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿ ಬಾಡಿಗೂ ವೈಂಡಿಂಗಿಗೂ ನಡುವೆ ಕನಿಷ್ಠ ಒಂದು ಮೆಗಾ ಓಮ್ ಇದೆಯೇ ಅಂತ ನೋಡಲು ಹೇಳಿ. ಅದಕ್ಕಿಂತ ಕಡಿಮೆ ಬಂದರೆ ಒಣಗಿಸಿ ಇನ್ನೊಮ್ಮೆ ನೋಡಬೇಕು, ಆಗಲೂ ಏರದಿದ್ದರೆ ರೀವೈಂಡಿಂಗ್.

ತ್ರೀ ಫೇಸ್ ಮೋಟಾರ್ ಬಂದಿದ್ದರೂ ಬೇಜಾರಿಲ್ಲ. ಸಿಂಗಲ್ ಫೇಸ್ ಒಳಬಂದು ತ್ರೀ ಫೇಸ್ ಹೊರಗೆ ಕೊಡುವ ವಿಎಫ್‌ಡಿ ಡ್ರೈವ್ ಹಾಕಿದರೆ ಮನೆಯ ಬೆಸ್ಕಾಂ ಲೈನಿನಲ್ಲೇ ಓಡುತ್ತದೆ. ಸಣ್ಣ ಮೋಟಾರುಗಳು 415 ವೋಲ್ಟಿಗೆ ಸ್ಟಾರ್ ಕಟ್ಟಿರುತ್ತವೆ, ವಿಎಫ್‌ಡಿಗೆ ಅದನ್ನು ಡೆಲ್ಟಾ ಮಾಡಬೇಕು (ವೈಂಡಿಂಗ್ ತುದಿ ಜೋಡಿಸುವ ಎರಡು ರೀತಿ ಇವು). ಅದಕ್ಕೆ ಆರೂ ತುದಿ ಡಬ್ಬಿಗೆ ಬಂದಿರಬೇಕು. ಇದು ವೈಂಡಿಂಗ್‌ನವರ ಕೆಲಸ, ನೇಮ್‌ಪ್ಲೇಟ್ ತೋರಿಸಿ ಅವರಿಂದಲೇ ಮಾಡಿಸಿ.

ವೇಗದ ಲೆಕ್ಕ ಸುಲಭ. ಮೋಟಾರಿನ ಸುತ್ತನ್ನು ಮೋಟಾರ್ ಪುಲ್ಲಿಯ ಇಂಚಿನಿಂದ ಗುಣಿಸಿ, ಶಾಫ್ಟ್ ಪುಲ್ಲಿಯ ಇಂಚಿನಿಂದ ಭಾಗಿಸಿ. 1440 ಸುತ್ತಿನ ಮೋಟಾರಿಗೆ 7 ಇಂಚು, ಶಾಫ್ಟಿಗೆ 3 ಇಂಚು ಹಾಕಿದರೆ 3360 ಸುತ್ತು. 2880ರ ಮೋಟಾರಾದರೆ ಮೂರೂವರೆ ಇಂಚಿನ ಪುಲ್ಲಿಗೇ ಅಷ್ಟು ಸಿಗುತ್ತದೆ. 10 ಇಂಚಿನ ಬ್ಲೇಡಿನ ತುದಿ ಆಗ ಸೆಕೆಂಡಿಗೆ ಸುಮಾರು 45 ಮೀಟರ್ ಓಡುತ್ತದೆ, ಅದು ಕಾರ್ಬೈಡ್ ಹಲ್ಲಿಗೆ ಒಳ್ಳೆಯ ವೇಗ. ಬ್ಲೇಡಿನ ಮೇಲೆ ಅಚ್ಚಾಗಿರುವ ಗರಿಷ್ಠ ವೇಗವನ್ನು ಯಾವತ್ತೂ ದಾಟಬಾರದು. ಬೆಲ್ಟು ಎ ಸೆಕ್ಷನ್ ವಿ-ಬೆಲ್ಟು. ಎರಡು ಬೆಲ್ಟಿನ ಪುಲ್ಲಿ ಇದ್ದರೆ ಎರಡನ್ನೂ ಜೊತೆಗೇ ಬದಲಿಸಿ. ಎರಡೂ ಪುಲ್ಲಿಯ ಮುಖಕ್ಕೆ ಒಂದು ದಾರ ಬಿಗಿಯಾಗಿ ಎಳೆದು ಹಿಡಿಯಿರಿ. ನಾಲ್ಕು ಕಡೆ ತಾಗಿದರೆ ಅವು ಒಂದೇ ಸಾಲಿನಲ್ಲಿವೆ ಅಂತ.

ಸ್ವಿಚ್ಚಿನ ಬಗ್ಗೆ ನಾನು ರಾಜಿ ಆಗುವುದಿಲ್ಲ. ಕರೆಂಟ್ ಹೋದರೆ ತಾನೇ ಆಫ್ ಆಗುವ ನೋ-ವೋಲ್ಟ್ ಕಾಯಿಲ್ ಇರುವ ಡಿಒಎಲ್ (ಮೋಟಾರನ್ನು ನೇರ ಲೈನಿಗೆ ಕೊಡುವ) ಸ್ಟಾರ್ಟರೇ ಬೇಕು. ಕರೆಂಟ್ ಹೋಗುತ್ತದೆ, ನೀವು ಚಹಾ ಕುಡಿಯಲು ಹೋಗಿರುತ್ತೀರಿ, ಮಗು ಒಳಗೆ ಬಂದಿರುತ್ತದೆ, ಕರೆಂಟ್ ಬರುತ್ತದೆ. ಸಾದಾ ಸ್ವಿಚ್ ಆನ್ ಆಗಿಯೇ ಉಳಿದಿದ್ದರೆ ಬ್ಲೇಡು ತಾನಾಗಿಯೇ ತಿರುಗಲು ಶುರು ಮಾಡುತ್ತದೆ. ಡಿಒಎಲ್‌ನಲ್ಲಿ ಹಸಿರು ಬಟನ್ ಮತ್ತೆ ಒತ್ತುವವರೆಗೆ ಏನೂ ಆಗುವುದಿಲ್ಲ. ಓವರ್‌ಲೋಡ್ ರಿಲೇಯನ್ನು ನೇಮ್‌ಪ್ಲೇಟಿನ ಆಂಪಿಯರಿಗೆ ಸೆಟ್ ಮಾಡಿ. ಕೆಂಪು ಬಟನ್ ಮೊಣಕಾಲಿಗೆ ಸಿಗುವ ಎತ್ತರದಲ್ಲಿರಲಿ, ಸ್ಟಾಪ್ ಬೇಕಾದಾಗ ಎರಡೂ ಕೈ ಮರದ ಮೇಲಿರುತ್ತವೆ. ಎರಡು ಎಚ್‌ಪಿಗೆ 2.5 ಚದರ ಮಿಲಿಮೀಟರಿನ ತಾಮ್ರದ ವೈರು, ಬೇರೆಯದೇ ಎಂಸಿಬಿ, ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಅರ್ಥಿಂಗ್ ವೈರನ್ನು ಬಣ್ಣದ ಮೇಲೆ ಕಟ್ಟಬೇಡಿ, ಕೆರೆದು ಕಬ್ಬಿಣ ಕಂಡ ಮೇಲೆ ಬೋಲ್ಟ್ ಬಿಗಿಯಿರಿ.

ಬ್ಲೇಡು, ಸ್ಲಾಟು, ಗೈಡು: ಮೂರೂ ಒಂದೇ ನೇರ

ಮಷೀನು ಜೋಡಿಸಿದ್ದಾಯಿತು. ಈಗ ಪ್ಲಗ್ ಕಿತ್ತಿಟ್ಟು ಈ ಕೆಲಸ ಮಾಡಿ, ಅವಸರ ಬೇಡ.

ಬ್ಲೇಡಿನ ಒಂದು ಹಲ್ಲಿಗೆ ಮಾರ್ಕರಿನಲ್ಲಿ ಗುರುತು ಹಾಕಿ. ಆ ಹಲ್ಲನ್ನು ಬ್ಲೇಡ್ ಸೀಳಿನ ಮುಂದಿನ ತುದಿಗೆ ತನ್ನಿ. ಕಾಂಬಿನೇಷನ್ ಸ್ಕ್ವೇರನ್ನು (ಪಟ್ಟಿ ಜಾರುವ ಮೂಲೆಮಟ್ಟ) ಟೇಬಲ್ಲಿನ ಸ್ಲಾಟಿಗೆ, ಅಂದರೆ ಬ್ಲೇಡಿನ ಪಕ್ಕ ಉದ್ದಕ್ಕೆ ಕೊರೆದ ಗಾಡಿಗೆ, ಒರಗಿಸಿ, ಅದರ ಪಟ್ಟಿಯನ್ನು ಹಲ್ಲಿಗೆ ಆಗಷ್ಟೇ ತಾಗುವ ಹಾಗೆ ಸರಿಸಿ ಬಿಗಿ ಮಾಡಿ. ಬ್ಲೇಡನ್ನು ಸ್ವಲ್ಪ ಹಿಂದೆ ಮುಂದೆ ಆಡಿಸಿದರೆ ಚರ್ ಅಂತ ಸಣ್ಣ ಸದ್ದು ಬರುತ್ತದೆ. ಅದನ್ನು ಕಿವಿಯಲ್ಲಿಟ್ಟುಕೊಳ್ಳಿ. ಈಗ ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ, ಸ್ಕ್ವೇರನ್ನೂ ಹಿಂದಕ್ಕೆ ಜಾರಿಸಿ ಮತ್ತೆ ಆಡಿಸಿ. ಅದೇ ಸದ್ದು ಬಂದರೆ ಬ್ಲೇಡು ಸ್ಲಾಟಿಗೆ ಸಮಾನಾಂತರ. ಸದ್ದೇ ಇಲ್ಲದಿದ್ದರೆ ಸಂದಿಗೆ ಫೀಲರ್ ಗೇಜ್ ತೂರಿಸಿ ಎಷ್ಟು ಅಂತ ನೋಡಿ. ಗಟ್ಟಿಯಾಗಿ ತಡೆದರೆ ಬ್ಲೇಡಿನ ಹಿಂಭಾಗ ಸ್ಲಾಟಿನ ಕಡೆಗೆ ವಾಲಿದೆ. 0.1 ಮಿಲಿಮೀಟರ್ ಒಳಗೆ ತರಬೇಕು. ಎರಡೂ ಕಡೆ ಒಂದೇ ಹಲ್ಲು ಬಳಸುವುದಕ್ಕೆ ಕಾರಣ ಇದೆ. ಬ್ಲೇಡೇ ಸ್ವಲ್ಪ ಸೊಟ್ಟಗಿದ್ದರೂ ಆ ತಪ್ಪು ಲೆಕ್ಕಕ್ಕೆ ಸೇರುವುದಿಲ್ಲ.

ಸರಿ ಮಾಡಲು ಟೇಬಲ್ಲಿನ ಕೆಳಗಿನ ನಾಲ್ಕು ಬೋಲ್ಟಿನಲ್ಲಿ ಮೂರನ್ನು ಸಡಿಲ ಮಾಡಿ, ಒಂದನ್ನು ಅರೆಬಿಗಿಯಾಗಿ ಬಿಟ್ಟು, ಮರದ ಸುತ್ತಿಗೆಯಲ್ಲಿ ಟೇಬಲ್ಲನ್ನು ತಟ್ಟಿ. ಪ್ಲಮ್ಮರ್ ಬ್ಲಾಕಿನ ಮಷೀನಾದರೆ ಟೇಬಲ್ ಮುಟ್ಟದೆ ಬ್ಲಾಕನ್ನೇ ಸರಿಸಬಹುದು. ಬಿಗಿ ಮಾಡಿದ ಮೇಲೆ ಮತ್ತೆ ಅಳೆಯಿರಿ. ಬಿಗಿ ಮಾಡುವಾಗಲೇ ಅದು ಕದಲುತ್ತದೆ, ಅದಕ್ಕೇ ಈ ಕೆಲಸ ಬೇಸರ ತರಿಸುವುದು.

ನಮ್ಮ ಕಡೆಯ ಎಷ್ಟೋ ಹಳೇ ಟೇಬಲ್ಲುಗಳಲ್ಲಿ ಸ್ಲಾಟೇ ಇರುವುದಿಲ್ಲ. ಸೀಳುವ ಕೆಲಸಕ್ಕೆ ಮಾತ್ರ ಮಾಡಿದ್ದಲ್ವಾ. ಟೇಬಲ್ಲು ಆ ಜಾಗದಲ್ಲಿ 20 ಮಿಲಿಮೀಟರಿಗಿಂತ ದಪ್ಪ ಇದ್ದರೆ ಮಿಲ್ಲಿಂಗ್ ಮಷೀನಿನಲ್ಲಿ 19 ಮಿಮೀ ಅಗಲ, 9.5 ಮಿಮೀ ಆಳದ ಸ್ಲಾಟ್ ಹೊಡೆಸಬಹುದು. ಅದು ಮುಕ್ಕಾಲು ಇಂಚಿನ ಅಳತೆ, ಅಡ್ಡ ಕತ್ತರಿಸುವಾಗ ಮರ ಒರಗಿಸುವ ಸಿದ್ಧ ಮೈಟರ್ ಗೇಜ್ ಕೂರುತ್ತದೆ. ದಪ್ಪ ಇಲ್ಲದಿದ್ದರೆ ಟೇಬಲ್ಲಿನ ಎಡ ಅಂಚನ್ನೇ ಗೆರೆಯಾಗಿ ಹಿಡಿದು, ಆ ಅಂಚಿಗೆ ಜಾರುವ ಪ್ಲೈವುಡ್ ಸ್ಲೆಡ್ ಮಾಡಿಕೊಳ್ಳಿ. ಅಳತೆಯೂ ಆ ಅಂಚಿನಿಂದಲೇ.

ಗೈಡು ಕೊನೆಗೆ. ಬ್ಲೇಡಿಗೆ ಸಮಾನಾಂತರ ಇರಬೇಕು. ಪೂರ್ತಿ ಆಗದಿದ್ದರೆ ಹಿಂದಿನ ತುದಿ ಬ್ಲೇಡಿನಿಂದ ಕೂದಲಷ್ಟು ದೂರ ಇದ್ದರೂ ನಡೆಯುತ್ತದೆ, ಹತ್ತಿರ ಮಾತ್ರ ಆಗಬಾರದು. ಹತ್ತಿರವಾದರೆ ಹಲಗೆ ಗೈಡಿಗೂ ಬ್ಲೇಡಿನ ಹಿಂದಿನ ಹಲ್ಲುಗಳಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಹಿಂದಿನ ಹಲ್ಲುಗಳು ಮೇಲಕ್ಕೆ ಏಳುತ್ತಿರುತ್ತವೆ. ಅವು ಹಲಗೆಯನ್ನು ಎತ್ತಿ ನಿಮ್ಮ ಹೊಟ್ಟೆಗೆ ಎಸೆಯುತ್ತವೆ. ಕಿಕ್‌ಬ್ಯಾಕ್ ಅನ್ನುವುದು ಇದನ್ನೇ.

ಹಿಂದೆ ಇಲ್ಲದಿದ್ದ ಸ್ಪ್ಲಿಟರ್

ಬ್ಲೇಡಿನ ಹಿಂದೆ ನಿಲ್ಲುವ ಈ ಸ್ಟೀಲ್ ತಗಡು ಸೀಳಿದ ಮರ ಮತ್ತೆ ಕೂಡಿಕೊಂಡು ಬ್ಲೇಡನ್ನು ಹಿಡಿಯದ ಹಾಗೆ ನೋಡಿಕೊಳ್ಳುತ್ತದೆ. ಹಸಿ ಬೇವು, ಜಾಲಿ ಸೀಳಿದವರಿಗೆ ಗೊತ್ತು, ಮರ ಹೇಗೆ ಕಚ್ಚುತ್ತದೆ ಅಂತ. ತಗಡು ಬ್ಲೇಡಿನ ಹಾಳೆಗಿಂತ ದಪ್ಪ, ಹಲ್ಲಿನ ಕಟ್ಟಿಗಿಂತ ತೆಳು ಇರಬೇಕು. ಹಾಳೆ 2.2, ಕಟ್ಟು 3.2 ಮಿಲಿಮೀಟರ್ ಇರುವ ಬ್ಲೇಡಿಗೆ 2.5ರ ತಗಡು ಸರಿಹೋಗುತ್ತದೆ. ಬ್ಲೇಡಿನ ದುಂಡಿಗೆ ತಕ್ಕ ಹಾಗೆ ಕತ್ತರಿಸಿ, ಹಲ್ಲಿನಿಂದ 3ರಿಂದ 8 ಮಿಮೀ ಅಂತರದಲ್ಲಿ ನಿಲ್ಲಿಸಿ. ತುದಿ ಬ್ಲೇಡಿನ ನೆತ್ತಿಗಿಂತ ಸ್ವಲ್ಪ ಕೆಳಗಿದ್ದರೆ ಗಾಡಿ ಹೊಡೆಯುವ, ಅಂದರೆ ಅರ್ಧ ಆಳದ ಕಟ್ಟಿಗೂ ತೆಗೆಯಬೇಕಾಗಿಲ್ಲ.

ಇಲ್ಲಿ ಹಳೇ ಮಷೀನಿಗೆ ಒಂದು ಅದೃಷ್ಟ ಇದೆ. ತುಂಬಾ ಮಷೀನುಗಳಲ್ಲಿ ಶಾಫ್ಟು ಕದಲುವುದಿಲ್ಲ, ಟೇಬಲ್ಲೇ ಮೇಲೆ ಕೆಳಗೆ ಹೋಗುತ್ತದೆ. ಸ್ಪ್ಲಿಟರನ್ನು ಟೇಬಲ್ಲಿಗೆ ಕಟ್ಟದೆ ಶಾಫ್ಟ್ ಇರುವ ಫ್ರೇಮಿಗೆ ಬೋಲ್ಟ್ ಹಾಕಿದರೆ ಎತ್ತರ ಎಷ್ಟೇ ಬದಲಿಸಿದರೂ ಬ್ಲೇಡಿಗೂ ಅದಕ್ಕೂ ಇರುವ ಅಂತರ ಅಷ್ಟೇ ಇರುತ್ತದೆ. ಅದರ ತಲೆಗೆ ಪಾಲಿಕಾರ್ಬೊನೇಟ್ ಹಾಳೆಯ ಗಾರ್ಡ್ ಸಿಕ್ಕಿಸಬಹುದು. ಬ್ಲೇಡ್ ಸುತ್ತ ಅಗಲವಾಗಿ ತಿಂದುಹೋದ ಸೀಳಿಗೆ ಪ್ಲೈವುಡ್ಡಿನ ಇನ್ಸರ್ಟ್ ಕೂರಿಸಿ, ಸಣ್ಣ ರೀಪು ಒಳಗೆ ಬೀಳುವುದಿಲ್ಲ. ಬೆಲ್ಟಿಗೂ ಮುಚ್ಚಳ ಮರೆಯಬೇಡಿ.

ಮೊದಲ ಓಟ

ಮೊದಲು ಬ್ಲೇಡಿಲ್ಲದೆ ಅರ್ಧ ಗಂಟೆ ಓಡಿಸಿ. ನಿಲ್ಲಿಸಿ ಬೇರಿಂಗ್ ಮನೆಯ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ಬೆಲ್ಟು ಜಾಸ್ತಿ ಬಿಗಿ, ಇಲ್ಲವೇ ಬೇರಿಂಗ್ ಓರೆ ಕೂತಿದೆ. ಟೇಬಲ್ ಮೇಲೆ ಒಂದು ರೂಪಾಯಿ ನಾಣ್ಯ ಅಂಚಿನ ಮೇಲೆ ನಿಲ್ಲಿಸಿ ಸ್ಟಾರ್ಟ್ ಮಾಡಿ ನೋಡುವವರಿದ್ದಾರೆ. ನಿಂತರೆ ಖುಷಿ, ಬಿದ್ದರೆ ಗಾಬರಿ ಬೇಡ.

ಆಮೇಲೆ ಬ್ಲೇಡು. ಉದ್ದಕ್ಕೆ ಸೀಳಲು 24 ಹಲ್ಲು, ಎಲ್ಲದಕ್ಕೂ ಒಂದೇ ಬೇಕಾದರೆ 40, ಪ್ಲೈವುಡ್ಡಿಗೆ 60. ಹೆಗಲ ಮೇಲಿನ ಟವಲ್ ತೆಗೆದಿಡಿ, ಲುಂಗಿ ಬೇಡ, ತುಂಬು ತೋಳಿನ ಅಂಗಿ ಬೇಡ. ಗ್ಲೌಸ್ ಕೂಡ ಬೇಡ, ಹಲ್ಲಿಗೆ ಸಿಕ್ಕರೆ ಕೈಯನ್ನೇ ಎಳೆಯುತ್ತದೆ. ಕನ್ನಡಕ ಮತ್ತು ಎನ್95 ಮಾಸ್ಕ್ ಹಾಕಿಕೊಳ್ಳಿ. ಮರದ ಹೊಟ್ಟನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಬ್ಲೇಡಿನ ನೇರಕ್ಕೆ ನಿಲ್ಲದೆ ಒಂದು ಪಕ್ಕಕ್ಕೆ ನಿಲ್ಲಿ. ಹಲ್ಲುಗಳು ಮರದ ಮೇಲೆ ಅರ್ಧ ಇಂಚಿನಷ್ಟು ಕಂಡರೆ ಸಾಕು. ಕೈಗೂ ಬ್ಲೇಡಿಗೂ ಒಂದು ಗೇಣು ಉಳಿದಾಗಲೇ ತಳ್ಳುವ ಕೋಲು ತೆಗೆದುಕೊಳ್ಳಿ.

ಬ್ಲೇಡು ಟೇಬಲ್ಲಿಗೆ ಸರಿಯಾಗಿ 90 ಡಿಗ್ರಿ ಇದೆಯೇ ಅಂತ ನೋಡಲು ನಾಲ್ಕು ಇಂಚು ಅಗಲದ ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಅಡ್ಡ ಕತ್ತರಿಸಿ. ಬ್ಲೇಡ್ ಅಷ್ಟು ಎತ್ತರ ಏರದಿದ್ದರೆ ಏರುವಷ್ಟೇ ಅಗಲದ ತುಂಡು ತೆಗೆದುಕೊಳ್ಳಿ. ಒಂದು ತುಂಡನ್ನು ತಲೆಕೆಳಗು ಮಾಡಿ ಎರಡನ್ನೂ ಟೇಬಲ್ ಮೇಲೆ ಮುಖಕ್ಕೆ ಮುಖ ಜೋಡಿಸಿ. ಸಂದಿಯಲ್ಲಿ ಬೆಳಕು ಕಂಡರೆ ತಪ್ಪು ಎರಡು ಪಟ್ಟಾಗಿ ಕಾಣುತ್ತಿದೆ ಅಂತ ತಿಳಿಯಿರಿ. ಅದರ ಅರ್ಧದಷ್ಟೇ ಸರಿ ಮಾಡಿ.

ಹೊಸ ಬೆಲ್ಟು ಮೊದಲ ಕೆಲವು ಗಂಟೆಯಲ್ಲಿ ಹಿಗ್ಗುತ್ತದೆ, ಮತ್ತೊಮ್ಮೆ ಬಿಗಿ ಮಾಡಬೇಕು. ಟೇಬಲ್ಲಿಗೆ ಮೇಣದ ಪಾಲಿಶ್ ಹಚ್ಚಿ ಒಣ ಬಟ್ಟೆಯಲ್ಲಿ ಉಜ್ಜಿ, ಅದಿಲ್ಲದಿದ್ದರೆ ಬಿಳಿ ಮೇಣದಬತ್ತಿಯೇ ಆಯಿತು. ಸಿಲಿಕೋನ್ ಇರುವ ಕಾರ್ ಪಾಲಿಶ್ ಬೇಡ, ಅದು ಮರಕ್ಕೆ ಹತ್ತಿ ಆಮೇಲೆ ಪಾಲಿಶ್ ಹಿಡಿಯುವುದಿಲ್ಲ. ನಮ್ಮ ಬೇಸಿಗೆಯಲ್ಲಿ ತುಕ್ಕಿನ ಕಾಟ ಕಡಿಮೆ. ಜೂನ್ ಮಳೆ ಶುರುವಾಗುವ ಮೊದಲು ಒಂದು ಸಲ ಮೇಣ ಹಚ್ಚಿ, ಹೊಟ್ಟನ್ನೆಲ್ಲ ಗುಡಿಸಿಬಿಡಿ. ಟೇಬಲ್ ಮೇಲೆ ಗುಡ್ಡೆ ಬಿದ್ದ ಹೊಟ್ಟು ತೇವ ಹೀರಿಕೊಂಡು ಬೀಡಿಗೆ ಅಂಟಿ ಕೂರುತ್ತದೆ, ಹೊಸ ತುಕ್ಕು ಶುರುವಾಗುವುದು ಅದರ ಕೆಳಗೇ.